ಮನೆಯಲ್ಲಿ ಸಾವಾದಾಗ: ಮೊದಲ ಗಂಟೆಯಿಂದ ಮರಣ ಪ್ರಮಾಣ ಪತ್ರದವರೆಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಓದುಗರು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಒಂದೇ. ‘ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು, ಮರಣ ಪತ್ರ ಇನ್ನೂ ಆಗಿಲ್ಲ, ಎಲ್ಲಿಗೆ ಹೋಗಲಿ?’ ‘ಅತ್ತೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಹೋದರು, ನಮ್ಮ ಪಂಚಾಯಿತಿಯಲ್ಲಿ ಬರೆದುಕೊಳ್ಳುವುದಿಲ್ಲ ಅನ್ನುತ್ತಾರೆ, ಯಾಕೆ?’ ‘ಪಹಣಿಯಲ್ಲಿ ಒಂದು ಹೆಸರು, ಮರಣ ಪತ್ರದಲ್ಲಿ ಇನ್ನೊಂದು, ಬ್ಯಾಂಕಿನವರು ಒಪ್ಪುತ್ತಿಲ್ಲ.’

ಈ ತೊಡಕುಗಳು ಕಾಣಿಸಿಕೊಳ್ಳುವುದು ತಿಂಗಳುಗಳ ನಂತರ. ಆದರೆ ಅವು ಹುಟ್ಟುವುದು ಮೊದಲ ಒಂದೆರಡು ದಿನದಲ್ಲೇ. ಮುಂದೆ ಎಲ್ಲ ಕಚೇರಿಯಲ್ಲೂ ಕೇಳುವುದು ಮೂರೇ ವಿಷಯ: ಸಾವು ಎಲ್ಲಿ ಆಯಿತು, ಹೇಗೆ ಆಯಿತು, ತೀರಿಕೊಂಡವರ ಹೆಸರೇನು. ಇವು ಮೂರೂ ಮೊದಲ ದಿನವೇ ಸರಿಯಾಗಿ ಕಾಗದಕ್ಕೆ ಇಳಿದರೆ ಮುಂದಿನ ಕೆಲಸ ಸಲೀಸು. ತಪ್ಪಾಗಿ ಇಳಿದರೆ ವರ್ಷಗಟ್ಟಲೆ ಅಲೆದಾಟ.

ಶುರುವಿನಲ್ಲೇ ಒಂದು ಏರ್ಪಾಡು ಮಾಡಿಕೊಳ್ಳಿ. ಕಾಗದದ ಕೆಲಸವನ್ನು ಒಬ್ಬರಿಗೇ ಒಪ್ಪಿಸಿ. ಹೆಂಡತಿಗೆ, ಕೊಳ್ಳಿ ಇಡುವ ಮಗನಿಗೆ ಬೇಡ, ಅವರು ಆ ಸ್ಥಿತಿಯಲ್ಲಿ ಇರುವುದಿಲ್ಲ. ಅಳಿಯನೋ, ತಮ್ಮನ ಮಗನೋ, ಓದಿದ ಸೊಸೆಯೋ ಆಗಬಹುದು. ತೀರಿಕೊಂಡವರ ಆಧಾರ್, ರೇಷನ್ ಕಾರ್ಡು, ಹಳೆಯ ಆಸ್ಪತ್ರೆ ಚೀಟಿಗಳು, ಪಾಸ್‌ಬುಕ್ಕುಗಳು ಅವರ ಕೈಯಲ್ಲಿ ಒಂದೇ ಚೀಲದಲ್ಲಿರಲಿ. ತೀರಿಕೊಂಡವರ ಫೋನನ್ನೂ ಸಿಮ್ಮನ್ನೂ ಬಂದ್ ಮಾಡಬೇಡಿ. ಮುಂದೆ ಬ್ಯಾಂಕಿನ, ವಿಮೆಯ ಸಂದೇಶಗಳು ಬರುವುದು ಅದಕ್ಕೇ.

1. ಸಾವನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳಿ

ಉಸಿರಿದೆಯೋ ಇಲ್ಲವೋ ಎಂಬ ಅನುಮಾನ ಎಳ್ಳಷ್ಟಿದ್ದರೂ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಸಾಗಿಸಿ. ಸಕ್ಕರೆ ಕಾಯಿಲೆಯವರು ಸಕ್ಕರೆ ಅಂಶ ಇಳಿದು ಎಚ್ಚರ ತಪ್ಪಿದಾಗ, ಕರೆಂಟ್ ಹೊಡೆದಾಗ, ನೀರಿನಿಂದ ಎತ್ತಿದಾಗ ಸತ್ತಂತೆ ಕಂಡರೂ ಜೀವ ಇರಬಹುದು. ಕರೆಂಟ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ತೋಟದ ಪಂಪ್‌ಸೆಟ್ ಬಳಿ ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಹೋಗುವುದು ಹೀಗೆಯೇ.

ಬಹುಕಾಲದಿಂದ ಹಾಸಿಗೆ ಹಿಡಿದವರು, ವೈದ್ಯರು ಆಸೆ ಬಿಟ್ಟವರು ಮನೆಯಲ್ಲೇ ಶಾಂತವಾಗಿ ಹೋಗಿದ್ದರೆ ಮಾತು ಬೇರೆ. ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರನ್ನೋ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಮನೆಗೆ ಕರೆಸಿ. ಬಹಳ ಮಂದಿ ‘ಒಂದು ಸಲ ತೋರಿಸಿಬಿಡೋಣ’ ಎಂದು ದೇಹವನ್ನು ದೊಡ್ಡಾಸ್ಪತ್ರೆಗೆ ಒಯ್ಯುತ್ತಾರೆ. ಅಲ್ಲಿ ‘ಬರುವಾಗಲೇ ಮೃತಪಟ್ಟಿದ್ದರು’ ಎಂದು ಬರೆದುಕೊಳ್ಳುತ್ತಾರೆ. ಹಾಗೆ ಬರೆದ ಮೇಲೆ ಪೊಲೀಸರಿಗೆ ತಿಳಿಸುವುದು, ಮರಣೋತ್ತರ ಪರೀಕ್ಷೆ ಇವೆಲ್ಲ ಹಿಂದೆಯೇ ಬರಬಹುದು, ದೇಹ ಮನೆಗೆ ಬರಲು ಮರುದಿನವಾಗಬಹುದು.

ವೈದ್ಯರಿಂದ ಪಡೆಯಬೇಕಾದ್ದು ಸಾವಿನ ಕಾರಣದ ವೈದ್ಯಕೀಯ ಪ್ರಮಾಣ ಪತ್ರ. ಮನೆಯಲ್ಲಿ ಆದ ಸಾವಿಗೆ ನಮೂನೆ 4ಎ, ಆಸ್ಪತ್ರೆಯಲ್ಲಿ ಆದ ಸಾವಿಗೆ ನಮೂನೆ 4. ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ವೈದ್ಯರು ಇದನ್ನು ಶುಲ್ಕ ಪಡೆಯದೆ ಕೊಡಬೇಕು ಎಂಬುದು ಕಾನೂನು. ಎಂದೂ ನೋಡದ ವೈದ್ಯರು ಬರೆದುಕೊಡಲು ಹಿಂಜರಿಯುವುದು ಸಹಜ. ಹಳೆಯ ಚೀಟಿ, ಡಿಸ್ಚಾರ್ಜ್ ಪತ್ರ, ನುಂಗುತ್ತಿದ್ದ ಮಾತ್ರೆಗಳನ್ನು ಅವರ ಮುಂದಿಡಿ.

2. ಪೊಲೀಸರಿಗೆ ತಿಳಿಸಬೇಕಾದ ಸಾವೇ ಎಂದು ನೋಡಿ

ಇಲ್ಲಿ ಆಗುವ ತಪ್ಪನ್ನು ಆಮೇಲೆ ತಿದ್ದಲು ಬರುವುದಿಲ್ಲ. ಹಾವು ಕಡಿತ, ವಿದ್ಯುತ್ ಆಘಾತ, ಸಿಡಿಲು, ಬಾವಿಗೋ ಕೃಷಿಹೊಂಡಕ್ಕೋ ಕೆರೆಗೋ ಬಿದ್ದದ್ದು, ತೆಂಗಿನ ಮರದಿಂದ ಬಿದ್ದದ್ದು, ಟ್ರ್ಯಾಕ್ಟರ್ ಮಗುಚಿದ್ದು, ರಸ್ತೆ ಅಪಘಾತ, ಕ್ರಿಮಿನಾಶಕ, ಬೆಂಕಿ, ನೇಣು, ಕಾರಣವೇ ತಿಳಿಯದ ಹಠಾತ್ ಸಾವು: ಇವೆಲ್ಲ ಅಸಹಜ ಸಾವುಗಳು. 112ಕ್ಕೋ ಹತ್ತಿರದ ಠಾಣೆಗೋ ತಿಳಿಸಿ. ಪೊಲೀಸರು ದಾಖಲಿಸುವ ಅಸಹಜ ಸಾವಿನ ಪ್ರಕರಣಕ್ಕೆ ಠಾಣೆಯಲ್ಲಿ ‘ಯುಡಿಆರ್’ ಅನ್ನುತ್ತಾರೆ. ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಅವರು ಬಂದು ಪಂಚನಾಮೆ ಮಾಡುವವರೆಗೆ, ಅಂದರೆ ಪಂಚರ ಸಮಕ್ಷಮ ದೇಹದ ಸ್ಥಿತಿಯನ್ನು ಬರೆದುಕೊಳ್ಳುವವರೆಗೆ, ಮೈ ತೊಳೆಯಬೇಡಿ, ಬಟ್ಟೆ ಬದಲಿಸಬೇಡಿ, ಕ್ರಿಮಿನಾಶಕದ ಡಬ್ಬಿ, ಹಗ್ಗ ಇಂಥವನ್ನು ಎತ್ತಿಡಬೇಡಿ. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳ ಅಸಹಜ ಸಾವಾದರೆ ಪಂಚನಾಮೆಯನ್ನು ಮಾಡುವವರು ತಹಶೀಲ್ದಾರ್ ದರ್ಜೆಯ ದಂಡಾಧಿಕಾರಿ. ತವರಿನವರು ಬರುವ ಮೊದಲೇ ಮಣ್ಣು ಮಾಡಿದರೆ ಎರಡು ಮನೆಗೂ ಕಷ್ಟ.

‘ಯಾಕೆ ಕೊಯ್ಯಿಸುವುದು, ದೇಹಕ್ಕೆ ಹಿಂಸೆ’ ಎಂದು ಹಿರಿಯರು ಅಡ್ಡ ಬರುತ್ತಾರೆ. ಅವರ ಸಂಕಟ ಅರ್ಥವಾಗುವಂಥದ್ದು. ಆದರೂ ಅವರಿಗೆ ಬಿಡಿಸಿ ಹೇಳಿ: ಹೊಲದಲ್ಲಿ ಹಾವು ಕಚ್ಚಿ ಸತ್ತ ರೈತನ ಮನೆಗೆ ಸರ್ಕಾರದ ಪರಿಹಾರ ಬರಬೇಕಾದರೆ, ಅಪಘಾತ ವಿಮೆ ಸಿಗಬೇಕಾದರೆ, ವಾಹನ ಅಪಘಾತದ ಪರಿಹಾರಕ್ಕೆ ನ್ಯಾಯಮಂಡಳಿಗೆ ಹೋಗಬೇಕಾದರೆ ಪೊಲೀಸ್ ದಾಖಲೆಯೂ ಮರಣೋತ್ತರ ವರದಿಯೂ ಬೇಕು. ಒಮ್ಮೆ ಸುಟ್ಟ ಮೇಲೆ ಸಾವಿನ ಕಾರಣವನ್ನು ಸಾಬೀತು ಮಾಡುವ ದಾರಿಯೇ ಇಲ್ಲ. ಗುರುತು ಸಿಗದ ವಾಹನ ಗುದ್ದಿ ಹೋಗಿದ್ದರೂ ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ವಾಹನ ಅಪಘಾತದ ಅರ್ಜಿಗೆ ಕಾನೂನು ಇಟ್ಟಿರುವ ಗಡುವು 6 ತಿಂಗಳು.

ಮರಣೋತ್ತರ ಪರೀಕ್ಷೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹಗಲಿನಲ್ಲೇ ನಡೆಯುತ್ತದೆ. ಸಂಜೆಯ ಸಾವಾದರೆ ದೂರು ಬರೆದುಕೊಡುವ ಕೆಲಸವನ್ನು ರಾತ್ರಿಯೇ ಮುಗಿಸಿ, ಬೆಳಿಗ್ಗೆ ಬೇಗ ಶುರುವಾಗುತ್ತದೆ.

3. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಹೊರಡುವ ಮುನ್ನ

ದೇಹವನ್ನು ಗಾಡಿಗೆ ಏರಿಸುವ ಮೊದಲು ಮೂರು ಕಾಗದ ಕೇಳಿ ಪಡೆಯಿರಿ: ಮರಣ ಸಾರಾಂಶ (ಯಾವಾಗ ಸೇರಿದರು, ಏನು ಕಾಯಿಲೆ, ಎಷ್ಟು ಗಂಟೆಗೆ ತೀರಿಕೊಂಡರು ಎಂಬ ಪತ್ರ), ಸಾವಿನ ಕಾರಣದ ಪತ್ರದ ಪ್ರತಿ, ಬಿಲ್ಲುಗಳು. ಅಲ್ಲೇ ನಿಂತು ಹೆಸರು, ವಯಸ್ಸು, ತಂದೆ ಅಥವಾ ಗಂಡನ ಹೆಸರು, ವಿಳಾಸವನ್ನು ಆಧಾರ್‌ಗೆ ತಾಳೆ ನೋಡಿ. ಅವಸರದಲ್ಲಿ ಸೇರಿಸುವಾಗ ಯಾರೋ ಬಾಯಲ್ಲಿ ಹೇಳಿದ ಹೆಸರೇ ಕೊನೆಯವರೆಗೂ ನಡೆದುಕೊಂಡು ಬಂದಿರುತ್ತದೆ. ಆ ಹೊತ್ತಿಗೆ ತಿದ್ದಿಸುವುದು ಐದು ನಿಮಿಷದ ಕೆಲಸ.

ಬಿಲ್ ಬಾಕಿಯಿದೆ ಎಂದು ದೇಹವನ್ನು ಹಿಡಿದಿಡುವ ಅಧಿಕಾರ ಯಾವ ಖಾಸಗಿ ಆಸ್ಪತ್ರೆಗೂ ಇಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನಿನಂತೆ ದೇಹವನ್ನು ಒಪ್ಪಿಸಿ, ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಜಗಳವಾಡದೆ ಇದನ್ನು ಹೇಳಿ. ಒಪ್ಪದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅಥವಾ 112ಕ್ಕೆ ತಿಳಿಸಿ.

ದೇಹದಲ್ಲಿ ಪೇಸ್‌ಮೇಕರ್ ಇದ್ದರೆ (ಎದೆಯ ಚರ್ಮದಡಿ ಕೂರಿಸುವ, ಹೃದಯ ಬಡಿತ ಸರಿಪಡಿಸುವ ಯಂತ್ರ) ಅಲ್ಲೇ ತೆಗೆಸಿ. ಚಿತೆಯಲ್ಲಿ ಅದು ಸಿಡಿಯುತ್ತದೆ. 108 ವಾಹನ ರೋಗಿಗಳಿಗಾಗಿ ಇರುವುದು, ದೇಹ ಸಾಗಿಸಲು ಅದಕ್ಕೆ ಕಾಯಬೇಡಿ. ಶವವಾಹನಕ್ಕೆ ಆಸ್ಪತ್ರೆಯಲ್ಲೇ ವಿಚಾರಿಸಿ, ಬಾಡಿಗೆಯನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಈಗ ‘ಎಲ್ಲಿ’ ಎಂಬ ಪ್ರಶ್ನೆ. ಸಾವು ನೋಂದಣಿಯಾಗುವುದು ಸಾವು ಆದ ಊರಿನಲ್ಲಿ. ಸ್ವಂತ ಊರು ಯಾವುದು, ಮಣ್ಣು ಮಾಡಿದ್ದು ಎಲ್ಲಿ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಮಾಲೂರಿನವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಮರಣ ಪತ್ರ ಬೆಂಗಳೂರಿನದು. ಪಾವಗಡದವರು ಹಿಂದೂಪುರದಲ್ಲಿ, ಕೆಜಿಎಫ್‌ನವರು ಕುಪ್ಪಂನಲ್ಲಿ, ಮುಳಬಾಗಿಲಿನವರು ವೆಲ್ಲೂರಿನಲ್ಲಿ ತೀರಿಕೊಂಡರೆ ಆಂಧ್ರದ್ದೋ ತಮಿಳುನಾಡಿನದ್ದೋ ಪತ್ರ ಬರುತ್ತದೆ. ಅದು ದೇಶದೆಲ್ಲೆಡೆ ನಡೆಯುತ್ತದೆ. ಇಂಗ್ಲಿಷ್ ಕೂಡ ಇರುವ ಪ್ರತಿಯನ್ನೇ ಕೇಳಿ, ಇಲ್ಲದಿದ್ದರೆ ನಾಡಕಚೇರಿಯಲ್ಲಿ ಅನುವಾದ ಕೇಳುತ್ತಾರೆ. ಯಾವ ಕಚೇರಿಗೆ, ಎಷ್ಟು ದಿನ ಬಿಟ್ಟು ಬರಬೇಕು ಎಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೇಳಿಕೊಂಡೇ ಹೊರಡಿ.

ದಾರಿಯಲ್ಲಿ ಜೀವ ಹೋದರೆ? ಬೆಂಗಳೂರಿನಿಂದ ಚಿಂತಾಮಣಿಗೆ ಬರುವಾಗ ಹೊಸಕೋಟೆ ದಾಟಿದ ಮೇಲೆ ಉಸಿರು ನಿಂತಿತು ಎನ್ನಿ. ನಿಯಮದ ಪ್ರಕಾರ ವಾಹನ ಆಮೇಲೆ ಮೊದಲು ನಿಂತ ಜಾಗದ ನೋಂದಣಾಧಿಕಾರಿಗೆ ಅದು ಸೇರುತ್ತದೆ. ನೇರ ಮನೆ ಬಾಗಿಲಿಗೇ ಬಂದು ನಿಂತಿದ್ದರೆ ನಿಮ್ಮೂರಿನದೇ. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರವನ್ನು ಜೋಪಾನವಾಗಿಡಿ, ಇಂಥ ಸಂದರ್ಭದಲ್ಲಿ ಅದೇ ಆಧಾರ.

4. ದೇಹವನ್ನು ಇಟ್ಟುಕೊಳ್ಳುವುದು

ಕಣ್ಣು ದಾನ ಮಾಡುವುದಿದ್ದರೆ ಮೊದಲ ಫೋನ್ ಅದಕ್ಕೇ. 6 ಗಂಟೆಯೊಳಗೆ ತೆಗೆಯಬೇಕು. ಬದುಕಿದ್ದಾಗ ಬರೆದುಕೊಟ್ಟಿರಬೇಕೆಂದಿಲ್ಲ, ಮನೆಯವರ ಒಪ್ಪಿಗೆ ಸಾಕು. ಕನ್ನಡಕ ಹಾಕುತ್ತಿದ್ದವರ, ಪೊರೆ ಶಸ್ತ್ರಚಿಕಿತ್ಸೆ ಆದವರ, ಸಕ್ಕರೆ ಕಾಯಿಲೆಯವರ ಕಣ್ಣೂ ಆಗುತ್ತದೆ. ತಂಡ ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ಫ್ಯಾನ್ ಆಫ್ ಮಾಡಿ, ತಲೆಯಡಿ ದಿಂಬು ಕೊಡಿ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮುಖ ಕೆಡುವುದಿಲ್ಲ. ದೇಹದಾನವಾದರೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗವನ್ನು ಸಂಪರ್ಕಿಸಿ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಸಾವಾದ 2ರಿಂದ 4 ಗಂಟೆಯಲ್ಲಿ ಮೈ ಸೆಟೆಯಲು ಶುರುವಾಗುತ್ತದೆ. ಅದಕ್ಕೆ ಮೊದಲೇ ಕಣ್ಣು ಮುಚ್ಚಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕೈಕಾಲು ನೀಟಾಗಿಸಿ, ಕಾಲಿನ ಹೆಬ್ಬೆರಳು ಜೋಡಿಸಿ ಕಟ್ಟಿ. ಕುಳ್ಳಿರಿಸಿ ಸಮಾಧಿ ಮಾಡುವ ಸಂಪ್ರದಾಯದವರು ಈ ಹೊತ್ತಿನಲ್ಲೇ ಕೂರಿಸಬೇಕು. ತಡವಾದರೆ ಕಾಲು ಮಡಚುವುದಿಲ್ಲ, ಬಲವಂತ ಮಾಡುವುದು ನೋಡಲಾಗದ ದೃಶ್ಯ. ಮೂಗುತಿ, ಓಲೆ, ಸರ, ಉಂಗುರ ತೆಗೆಯುವುದಿದ್ದರೆ ಇಬ್ಬರ ಎದುರು ತೆಗೆದು, ಏನೇನು ಎಂದು ಬರೆದು, ಒಂದೇ ಕೈಯಲ್ಲಿಡಿ.

ದೂರದವರು ಬರಬೇಕಾದರೆ ಫ್ರೀಜರ್ ಪೆಟ್ಟಿಗೆ ತರಿಸುತ್ತೀರಿ. ಇದರಲ್ಲಿ ಅಪಾಯವಿದೆ. ಶಾಮಿಯಾನದ ಕೆಳಗೆ ನೆಲ ಒದ್ದೆ, ನೂರು ಜನ ಪೆಟ್ಟಿಗೆ ಮುಟ್ಟಿ ಅಳುತ್ತಾರೆ, ತಂತಿ ಮಾತ್ರ ಎರಡು ಪಿನ್ನಿನದು! ಮೂರು ಪಿನ್ನಿನ ಪ್ಲಗ್ಗನ್ನು ಅರ್ಥಿಂಗ್ ಇರುವ ಸಾಕೆಟ್ಟಿಗೇ ಹಾಕಿಸಿ, ವೈರಿನ ಜೋಡಣೆ ನೆಲದಿಂದ ಮೇಲಿರಲಿ, ಜನ ಮುಟ್ಟುವ ಮೊದಲು ಟೆಸ್ಟರ್ ಹಿಡಿದು ನೋಡಿಸಿ. ಪೆಟ್ಟಿಗೆ ಸಮತಟ್ಟಾದ ಜಾಗದಲ್ಲಿರಲಿ. ಮುಚ್ಚಳವನ್ನು ಮತ್ತೆ ಮತ್ತೆ ತೆರೆದರೆ ತಂಪು ಉಳಿಯುವುದಿಲ್ಲ, ಗಾಜಿನ ಮೂಲಕವೇ ದರ್ಶನವಾಗಲಿ. ಹಳ್ಳಿಯಲ್ಲಿ ರಾತ್ರಿ ಕರೆಂಟ್ ಹೋಗುವುದನ್ನು ನೆನಪಿಟ್ಟು ಜನರೇಟರ್ ಗೊತ್ತು ಮಾಡಿ.

5. ಮಣ್ಣು ಅಥವಾ ದಹನ

ವಿಧಿಗಳು ನಿಮ್ಮ ಮನೆತನದ ಪದ್ಧತಿಯಂತೆ ನಡೆಯುತ್ತವೆ, ಅದಕ್ಕೆ ಹಿರಿಯರಿದ್ದಾರೆ. ಇಲ್ಲಿ ಎಚ್ಚರಿಕೆಗಳಷ್ಟೇ. ಕಟ್ಟಿಗೆಯ ಚಿತೆಗೆ ಸುಮಾರು 400ರಿಂದ 500 ಕಿಲೋ ಒಣ ಸೌದೆ ಬೇಕು. ಹಸಿ ಸೌದೆ ತಂದರೆ ಅರ್ಧ ಉರಿದು ನಿಲ್ಲುತ್ತದೆ. ಹಾಗೆ ನಿಂತಾಗ ಕ್ಯಾನಿನಿಂದ ಪೆಟ್ರೋಲ್ ಸುರಿಯಲು ಯಾರನ್ನೂ ಬಿಡಬೇಡಿ, ಬೆಂಕಿ ಕ್ಯಾನಿಗೇ ಹತ್ತುತ್ತದೆ. ಪ್ಲಾಸ್ಟಿಕ್ ಹಾರ, ಪಾಲಿಯೆಸ್ಟರ್ ಶಾಲುಗಳನ್ನು ಮೊದಲೇ ತೆಗೆಯಿರಿ.

ಸ್ವಂತ ಹೊಲದಲ್ಲಿ ಮಣ್ಣು ಮಾಡುವುದು ನಮ್ಮ ಕಡೆ ವಾಡಿಕೆ. ಆ ಜಮೀನು ಜಂಟಿಯಾಗಿದ್ದರೆ ಅಣ್ಣತಮ್ಮಂದಿರು ಎಲ್ಲರೂ ಒಪ್ಪಿರಲಿ, ಬದುವಿನ ಪಕ್ಕ ಬೇಡ, ಬೋರ್‌ವೆಲ್ ಬಾವಿಗಳಿಂದ ದೂರವಿರಲಿ, ಪಂಚಾಯಿತಿಗೆ ತಿಳಿಸಿ. ಸ್ಮಶಾನದಲ್ಲಾದರೆ ರಸೀದಿ ಪಡೆಯಿರಿ. ನೋಂದಣಿಗೆ ಅದು ಬಲವಾದ ದಾಖಲೆ.

6. ನೋಂದಣಿ: 21 ದಿನದ ಲೆಕ್ಕ

ಜನನ ಮರಣ ನೋಂದಣಿ ಕಾಯ್ದೆ 1969ರದು, 2023ರಲ್ಲಿ ತಿದ್ದುಪಡಿಯಾಗಿದೆ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ, ಮೊದಲ ಪ್ರಮಾಣ ಪತ್ರವೂ ಉಚಿತ. 21 ದಾಟಿ 30 ದಿನದೊಳಗೆ ತಡದ ಶುಲ್ಕ. 30 ದಿನ ದಾಟಿ ಒಂದು ವರ್ಷದೊಳಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದರೆ ಉಪವಿಭಾಗಾಧಿಕಾರಿಯಂಥ ದಂಡಾಧಿಕಾರಿಯ ಆದೇಶವಿಲ್ಲದೆ ಆಗುವುದಿಲ್ಲ. ಅಂದರೆ ಪ್ರತಿ ಮೆಟ್ಟಿಲು ದಾಟಿದಂತೆ ಕೆಲಸ ನಾಲ್ಕು ಪಟ್ಟು.

‘ತಿಥಿ ಮುಗಿಯಲಿ, ಆಮೇಲೆ ನೋಡೋಣ’ ಎನ್ನುವುದು ಎಲ್ಲ ಮನೆಯ ಮಾತು. 11ನೇ ದಿನ ತಿಥಿ ಮುಗಿದರೆ ಉಳಿಯುವುದು ಹತ್ತೇ ದಿನ. ಅದರಲ್ಲಿ ಎರಡು ಭಾನುವಾರ, ಒಂದು ರಜೆ, ಸಾಲ ತೀರಿಸುವ ಓಡಾಟ. ಹಾಲು ತುಪ್ಪ ಬಿಟ್ಟ ಮಾರನೆಯ ದಿನವೇ ಕಾಗದದ ಹೊಣೆ ಹೊತ್ತವರು ಹೊರಡಲಿ. ಸೂತಕದವರೇ ಹೋಗಬೇಕೆಂಬ ನಿಯಮವೇನೂ ಇಲ್ಲ.

ಎಲ್ಲಿಗೆ? ಹಳ್ಳಿಯಲ್ಲಿ ಆದ ಸಾವಿಗೆ ಗ್ರಾಮ ಪಂಚಾಯಿತಿ ಕಚೇರಿಗೆ ಅಥವಾ ಗ್ರಾಮ ಆಡಳಿತ ಅಧಿಕಾರಿಯ ಬಳಿಗೆ (ಮೊದಲು ಗ್ರಾಮ ಲೆಕ್ಕಿಗ ಎನ್ನುತ್ತಿದ್ದುದು ಇವರನ್ನೇ). ಪಟ್ಟಣದಲ್ಲಿ ಪಟ್ಟಣ ಪಂಚಾಯಿತಿ, ಪುರಸಭೆ ಅಥವಾ ನಗರಸಭೆ, ತುಮಕೂರು ನಗರದಲ್ಲಿ ಮಹಾನಗರ ಪಾಲಿಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಆದ ಸಾವಿಗೆ ಆ ಆಸ್ಪತ್ರೆಯಲ್ಲೇ ವಿಚಾರಿಸಿ. ದಾಖಲಾಗುವುದು ಇ-ಜನ್ಮ ತಂತ್ರಾಂಶದಲ್ಲಿ, ಪತ್ರ ಡಿಜಿಟಲ್ ಸಹಿಯೊಂದಿಗೆ ಬರುತ್ತದೆ. ಒಯ್ಯಬೇಕಾದ್ದು: ತೀರಿಕೊಂಡವರ ಆಧಾರ್ ಮತ್ತು ರೇಷನ್ ಕಾರ್ಡು, ಮಾಹಿತಿ ಕೊಡುವವರ ಆಧಾರ್, ವೈದ್ಯರ ಪತ್ರ, ಸ್ಮಶಾನದ ರಸೀದಿ.

ಈಗ ಹೆಸರು. ಅರ್ಜಿ ತುಂಬುವ ಮೊದಲು ಆಧಾರ್, ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡು ನಾಲ್ಕನ್ನೂ ಮುಂದೆ ಹರಡಿ. ಆಧಾರ್‌ನಲ್ಲಿ ‘ಮುನಿಯಪ್ಪ’, ಪಹಣಿಯಲ್ಲಿ ‘ಚಿಕ್ಕಮುನಿಯಪ್ಪ ಬಿನ್ ದೊಡ್ಡವೆಂಕಟಪ್ಪ’, ಪಾಸ್‌ಬುಕ್ಕಿನಲ್ಲಿ ‘ಡಿ.ವಿ. ಮುನಿಯಪ್ಪ’, ಊರಲ್ಲಿ ಕರೆಯುವುದು ‘ಗೌಡಪ್ಪ’. ಪಹಣಿಯ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಅವು ಹೆಸರಿನ ಭಾಗವಲ್ಲ. ಮರಣ ಪತ್ರ ಆಧಾರ್‌ನಲ್ಲಿ ಇರುವಂತೆಯೇ ಇರಲಿ, ಒಂದು ಅಕ್ಷರವೂ ಹೆಚ್ಚು ಕಡಿಮೆ ಬೇಡ. ಪಹಣಿಯ ಹೆಸರು ಬೇರೆಯಿದ್ದರೆ ‘ಉರುಫ್’ ಎಂದು, ಅಂದರೆ ಹೀಗೂ ಕರೆಯುತ್ತಾರೆ ಎಂದು ಸೇರಿಸಲು ಸಾಧ್ಯವೇ ಕೇಳಿ. ಆಗದಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಅನ್ನು ಮುಂದೆ ನೋಟರಿ ಬಳಿ ಮಾಡಿಸಬೇಕಾಗುತ್ತದೆ. ಕನ್ನಡದಲ್ಲಿ ಸರಿಯಿದ್ದು ಇಂಗ್ಲಿಷಿನಲ್ಲಿ ತಪ್ಪುವುದೇ ಹೆಚ್ಚು. ಪರದೆಯ ಮೇಲೆ ಟೈಪ್ ಮಾಡಿದ್ದನ್ನು ತೋರಿಸಲು ಕೇಳಿ, ಎರಡೂ ಭಾಷೆಯಲ್ಲಿ ಓದಿ, ಆಮೇಲೆ ಒಪ್ಪಿ.

ದಿನಾಂಕದಲ್ಲೂ ಜಾರುತ್ತದೆ. ರಾತ್ರಿ 12 ದಾಟಿ ಒಂದು ಗಂಟೆಗೆ ಸಾವಾದರೆ ಅದು ಮರುದಿನದ ತಾರೀಖು. ಮನೆಯವರು ‘ಸೋಮವಾರ ರಾತ್ರಿ’ ಅನ್ನುತ್ತಾರೆ, ವೈದ್ಯರ ಪತ್ರದಲ್ಲಿ ಮಂಗಳವಾರವಿರುತ್ತದೆ. ವಿಮೆಯವರು ಈ ಒಂದು ದಿನದ ವ್ಯತ್ಯಾಸಕ್ಕೇ ಕಡತ ವಾಪಸ್ ಕಳಿಸುತ್ತಾರೆ.

ಸಹಿಯಿರುವ ಪ್ರತಿಗಳನ್ನು ಐದಾರು ಪಡೆದು, ಇಪ್ಪತ್ತು ಜೆರಾಕ್ಸ್ ಮಾಡಿಸಿಡಿ.

7. ಪತ್ರ ಬಂದ ಮೇಲೆ ಮೊದಲ ತಿಂಗಳಲ್ಲಿ

ಪಾಸ್‌ಬುಕ್ ಎಂಟ್ರಿ ಹಾಕಿಸಿ, ಮೇ ಜೂನ್ ತಿಂಗಳ ಸಾಲುಗಳನ್ನು ಬೆರಳಿಟ್ಟು ಓದಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ಯಾವ ಕಾರಣದ ಸಾವಿಗೂ 2 ಲಕ್ಷ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಎಷ್ಟೋ ಮನೆಗಳಿಗೆ ಈ ವಿಮೆ ಇದ್ದದ್ದೇ ಗೊತ್ತಿರುವುದಿಲ್ಲ. ಹಣ ಕಡಿತವಾದ ಬ್ಯಾಂಕ್ ಶಾಖೆಯಲ್ಲೇ, 30 ದಿನದೊಳಗೆ ಅರ್ಜಿ ಕೊಟ್ಟುಬಿಡಿ.

ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ, ತಿಥಿ ಖರ್ಚಿಗೂ ಬೇಡ. ಪಿನ್ ನಿಮಗೆ ಗೊತ್ತಿದ್ದರೂ ಅದು ತಪ್ಪೇ, ಮುಂದೆ ಅಣ್ಣತಮ್ಮಂದಿರ ನಡುವೆ ಅದೇ ಜಗಳವಾಗುತ್ತದೆ. ನಾಮಿನಿ ಇದ್ದರೆ ಮರಣ ಪತ್ರ, ಗುರುತಿನ ಚೀಟಿ, ಬ್ಯಾಂಕಿನ ಅರ್ಜಿ ಸಾಕು. ದಾಖಲೆ ಪೂರ್ತಿಯಾಗಿ ಸಿಕ್ಕ 15 ದಿನದಲ್ಲಿ ಬ್ಯಾಂಕು ಹಣ ಕೊಡಬೇಕು. ನಾಮಿನಿ ಎಂದರೆ ಹಣ ಪಡೆದುಕೊಳ್ಳುವವರು. ಅದರಲ್ಲಿ ಉಳಿದ ವಾರಸುದಾರರ ಪಾಲು ಹಾಗೇ ಇರುತ್ತದೆ.

ಸೊಸೈಟಿ ಸಾಲ, ಸಂಘದ ಸಾಲ, ಟ್ರ್ಯಾಕ್ಟರ್ ಸಾಲವಿದ್ದರೆ ಸಾಲಕ್ಕೇ ವಿಮೆ ಇತ್ತೇ ಎಂದು ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಒಡವೆ ಗಿರವಿಯ ಚೀಟಿ ಹುಡುಕಿ, ಬಡ್ಡಿ ಕಟ್ಟದಿದ್ದರೆ ಹರಾಜಿಗೆ ಹೋಗುತ್ತದೆ. ಹಾಲಿನ ಡೇರಿಯ ಸದಸ್ಯರಾಗಿದ್ದರೆ ಕಾರ್ಯದರ್ಶಿಯನ್ನು, ಕಟ್ಟಡ ಕಾರ್ಮಿಕರ ಕಾರ್ಡಿದ್ದರೆ ಕಾರ್ಮಿಕ ಇಲಾಖೆಯನ್ನು ಕಾಣಿ. ದುಡಿಯುವವರೇ 18ರಿಂದ 59 ವಯಸ್ಸಿನೊಳಗೆ ಹೋಗಿದ್ದು, ಕುಟುಂಬ ಬಡತನ ರೇಖೆಗಿಂತ ಕೆಳಗಿದ್ದರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಇದೆ. ಅದಕ್ಕೂ ವಿಧವಾ ವೇತನಕ್ಕೂ ನಾಡಕಚೇರಿಯಲ್ಲಿ ಅರ್ಜಿ.

ತೀರಿಕೊಂಡವರಿಗೆ ಪಿಂಚಣಿಯೋ ಗೃಹಲಕ್ಷ್ಮಿ ಹಣವೋ ಬರುತ್ತಿದ್ದರೆ ತಕ್ಷಣ ತಿಳಿಸಿ. ಸಾವಿನ ನಂತರ ಬಂದು ಬಿದ್ದ ಕಂತನ್ನು ಖರ್ಚು ಮಾಡಿದರೆ ವಾಪಸ್ ಕೇಳುತ್ತಾರೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ತೀರಿಕೊಂಡಿದ್ದರೆ ಮನೆಯ ಇನ್ನೊಬ್ಬ ಹಿರಿಯ ಹೆಣ್ಣುಮಗಳ ಹೆಸರಿಗೆ ಬದಲಾಯಿಸಿ.

8. ಜಮೀನು

ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡುವುದು, ಮೊದಲ ತಿಂಗಳಲ್ಲೇ ಮುಗಿಯಬೇಕಾದ ಕೆಲಸವಲ್ಲ. ಆದರೆ ಅದಕ್ಕೆ ಬೇಕಾದ ವಂಶವೃಕ್ಷಕ್ಕೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ತಿಥಿಗೆ ಎಲ್ಲರೂ ಸೇರಿದ್ದಾಗಲೇ ಆಧಾರ್ ಪ್ರತಿಗಳನ್ನು ಪಡೆದಿಡಿ. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು, ತೀರಿಕೊಂಡವರ ತಾಯಿ ಇದ್ದರೆ ಅವರ ಹೆಸರು, ಮೊದಲೇ ತೀರಿಕೊಂಡ ಮಗನ ಹೆಂಡತಿ ಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಬೇಡಿ. 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲೂ ಗಂಡುಮಕ್ಕಳಷ್ಟೇ ಪಾಲಿದೆ. ಹೆಸರು ಬಿಟ್ಟು ಮಾಡಿಸಿದ ಖಾತೆ ಒಂದು ತಕರಾರು ಅರ್ಜಿಗೆ ನಿಂತುಹೋಗುತ್ತದೆ, ಸುಳ್ಳು ಮಾಹಿತಿ ಕೊಟ್ಟವರ ಮೇಲೆ ಪ್ರಕರಣವೂ ಆಗಬಹುದು. ಅಕ್ಕತಂಗಿಯರು ಮನಸಾರೆ ಪಾಲು ಬೇಡ ಎಂದರೆ ಅದಕ್ಕೆ ಹಕ್ಕು ಬಿಡುಗಡೆ ಪತ್ರವಿದೆ. ಅದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ತಿಥಿಯ ದಿನ ಬಿಳಿ ಹಾಳೆಯ ಮೇಲೆ ಹಾಕಿಸಿಕೊಂಡ ಹೆಬ್ಬೆಟ್ಟು ಅದಕ್ಕೆ ಬದಲಾಗುವುದಿಲ್ಲ.